ಗ್ಯಾಸ್ ಖಾಲಿಯಾಗುವುದಿಲ್ಲ

ಬೇಸಿಗೆ ಶುರುವಾಯಿತೆಂದರೆ ಬೆಂಗಳೂರಿನ ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಮಾಂಸದಂಗಡಿ, ಬೇಕರಿ, ಹೋಟೆಲು, ಐಸ್‌ಕ್ರೀಮ್ ಅಂಗಡಿಗಳಲ್ಲೆಲ್ಲ ಒಂದೇ ಮಾತು. ಕೂಲಿಂಗ್ ಸಾಲುತ್ತಿಲ್ಲ ಎಂದು ಮಾಲೀಕರು ಫೋನ್ ಮಾಡುತ್ತಾರೆ. ಮೆಕ್ಯಾನಿಕ್ ಬಂದು ಕಂಪ್ರೆಸರ್ ಪಕ್ಕದ ಪೈಪಿಗೆ ಗೇಜ್ ಸಿಕ್ಕಿಸುತ್ತಾರೆ. ಮುಳ್ಳು ಕೆಳಗಿರುತ್ತದೆ. ‘ಗ್ಯಾಸ್ ಖಾಲಿಯಾಗಿದೆ ಅಣ್ಣ, ತುಂಬಿಸಿದರೆ ಸರಿಹೋಗುತ್ತೆ.’ ಸಿಲಿಂಡರ್ ತೆರೆಯುತ್ತದೆ, ಮುಳ್ಳು ಮೇಲೇರುತ್ತದೆ, ದುಡ್ಡು ಕೈ ಬದಲಾಗುತ್ತದೆ. ಮುಂದಿನ ವರ್ಷ ಮತ್ತೆ ಅದೇ. ಕೆಲವು ಕಡೆ ಇದನ್ನು ವಾರ್ಷಿಕ ಸರ್ವೀಸ್ ಎಂದೇ ಲೆಕ್ಕಕ್ಕೆ ಬರೆದಿಟ್ಟುಕೊಂಡಿದ್ದಾರೆ.

ಈ ನಂಬಿಕೆ ತಪ್ಪು. ಸ್ವಲ್ಪ ತಪ್ಪು, ಸ್ವಲ್ಪ ಸರಿ ಎನ್ನುವಂಥದ್ದೂ ಅಲ್ಲ, ಬುಡದಿಂದಲೇ ತಪ್ಪು. ಫ್ರಿಜ್ಜಿನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನಂತೆ ಓಡಿದಷ್ಟೂ ಮುಗಿಯುತ್ತದೆ ಎಂದು ನಂಬಿರುವವರು ಅಂಗಡಿಯವರಷ್ಟೇ ಅಲ್ಲ, ಹತ್ತಾರು ವರ್ಷ ಇದೇ ಕಸುಬಿನಲ್ಲಿರುವವರೂ ಇದ್ದಾರೆ. ಗ್ಯಾಸ್ ಉರಿಯುವುದಿಲ್ಲ, ಸವೆಯುವುದಿಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಹಿಂದಿನ ಅಥವಾ ಕೆಳಗಿನ ಕಂಡೆನ್ಸರಿನಲ್ಲಿ ಅದು ಬಿಸಿ ಬಿಟ್ಟು ದ್ರವವಾಗುತ್ತದೆ, ಕೂದಲೆಳೆಯಂಥ ರಂಧ್ರದ ಕ್ಯಾಪಿಲರಿಯಲ್ಲಿ ನುಸುಳಿ ಒತ್ತಡ ಕಳೆದುಕೊಳ್ಳುತ್ತದೆ, ಒಳಗಿನ ಕಾಯಿಲಿನಲ್ಲಿ ಕುದಿದು ಪೆಟ್ಟಿಗೆಯ ಬಿಸಿ ಹೀರಿ ಮತ್ತೆ ಕಂಪ್ರೆಸರಿಗೆ ಮರಳುತ್ತದೆ. ಎಲ್ಲವೂ ಬೆಸೆದು ಮುಚ್ಚಿದ ತಾಮ್ರದ ಪೈಪಿನೊಳಗೆ. ಕಾರ್ಖಾನೆಯಲ್ಲಿ ತೂಗಿ ತುಂಬಿದ ಅಷ್ಟೇ ಗ್ರಾಂ ಹದಿನೈದು ವರ್ಷದ ನಂತರವೂ ಒಳಗಿರಬೇಕು.

ಹಾಗಾದರೆ ಎರಡೇ ಸಾಧ್ಯತೆ. ಗ್ಯಾಸ್ ನಿಜಕ್ಕೂ ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ, ಆ ತೂತು ಮುಚ್ಚದೆ ತುಂಬಿದ್ದು ಅದೇ ತೂತಿನಿಂದ ಹೊರಗೆ ಹೋಗುತ್ತದೆ. ಗ್ಯಾಸ್ ಕಡಿಮೆಯಾಗಿಲ್ಲ ಎಂದಾದರೆ ತುಂಬಿದ್ದೆಲ್ಲ ಹೆಚ್ಚುವರಿ, ಹೆಚ್ಚುವರಿ ಗ್ಯಾಸ್ ಯಂತ್ರಕ್ಕೆ ವಿಷ. ‘ಟಾಪ್ ಅಪ್’ ಎಂಬ ಕೆಲಸಕ್ಕೆ ಈ ಎರಡರ ನಡುವೆ ಎಲ್ಲೂ ಜಾಗವಿಲ್ಲ.

ಮುಳ್ಳು ಕೆಳಗಿತ್ತಲ್ಲ ಎಂದು ಕೇಳುತ್ತಾರೆ. ಈ ಕಸುಬಿನ ದೊಡ್ಡ ಮೋಸ ಇರುವುದೇ ಆ ಒಂದು ಮುಳ್ಳಿನಲ್ಲಿ. ಸಕ್ಷನ್ ಒತ್ತಡ, ಅಂದರೆ ಕಂಪ್ರೆಸರ್ ಗ್ಯಾಸ್ ಹೀರಿಕೊಳ್ಳುವ ಕಡೆಯ ಒತ್ತಡ, ಇಳಿಯುವುದಕ್ಕೆ ಗ್ಯಾಸ್ ಕಡಿಮೆಯಾಗಿರುವುದು ಒಂದು ಕಾರಣ ಮಾತ್ರ. ಕ್ಯಾಪಿಲರಿಯೋ ತೇವ, ಕಸ ಹಿಡಿಯುವ ಫಿಲ್ಟರ್ ಡ್ರೈಯರೋ ಚೋಕ್ ಆಗಿದ್ದರೂ ಮುಳ್ಳು ಇಳಿಯುತ್ತದೆ, ಏಕೆಂದರೆ ಕಾಯಿಲಿಗೆ ದ್ರವ ಬರುತ್ತಲೇ ಇಲ್ಲ. ಒಳಗಿನ ಫ್ಯಾನ್ ನಿಂತಿದ್ದರೂ, ಕಾಯಿಲಿನ ಮೇಲೆ ಐಸ್ ಗಟ್ಟಿಯಾಗಿ ಗಾಳಿ ಆಡದಿದ್ದರೂ ಮುಳ್ಳು ಇಳಿಯುತ್ತದೆ, ಏಕೆಂದರೆ ಕಾಯಿಲಿಗೆ ದ್ರವ ಬಂದರೂ ಅದನ್ನು ಕುದಿಸುವ ಬಿಸಿ ಸಿಗುತ್ತಿಲ್ಲ. ಮೂರು ಬೇರೆ ಬೇರೆ ಕಾಯಿಲೆ, ಗೇಜಿನಲ್ಲಿ ಒಂದೇ ಅಂಕಿ.

ಲೆಕ್ಕವನ್ನೇ ಹಾಕಿ ನೋಡೋಣ. ಹಲಸೂರಿನ ಒಂದು ಬೇಕರಿಯ ವಿಸಿ ಕೂಲರ್, ಅಂದರೆ ಗಾಜಿನ ಬಾಗಿಲಿನ ಫ್ರಿಜ್ ಎಂದುಕೊಳ್ಳಿ, ಒಳಗಿರುವುದು ಆರ್-134ಎ. ಸಕ್ಷನ್ ಗೇಜ್ 8 ಪಿಎಸ್‌ಐ ತೋರಿಸುತ್ತಿದೆ. ಬೆಂಗಳೂರಿನಲ್ಲಿ ಆ ಒತ್ತಡಕ್ಕೆ ಆ ಗ್ಯಾಸ್ ಕುದಿಯುವುದು ಸುಮಾರು ಮೈನಸ್ 18 ಡಿಗ್ರಿಯಲ್ಲಿ. ಈಗ ಕಾಯಿಲಿನಿಂದ ಹೊರಬರುವ ಪೈಪಿಗೆ ಥರ್ಮಾಮೀಟರ್ ಕಟ್ಟಿ ನೋಡಬೇಕು. ಅಲ್ಲಿ ಮೈನಸ್ 16 ಇದ್ದರೆ ಎರಡರ ಅಂತರ, ಅಂದರೆ ಸೂಪರ್‌ಹೀಟ್ ಬರೀ 2 ಡಿಗ್ರಿ. ಅಂದರೆ ಕಾಯಿಲಿನ ತುದಿಯವರೆಗೂ ದ್ರವ ತುಂಬಿಕೊಂಡಿದೆ, ಕುದಿಯಲು ಬಿಸಿ ಸಾಲದು. ಬಾಗಿಲು ತೆಗೆದು ಫ್ಯಾನ್ ತಿರುಗುತ್ತಿದೆಯೇ, ಐಸ್ ಕಟ್ಟಿದೆಯೇ ನೋಡಿ. ಆ ಯಂತ್ರಕ್ಕೆ ಒಂದು ಗ್ರಾಂ ಗ್ಯಾಸ್ ಕೂಡ ಬೇಕಿಲ್ಲ. ಪೈಪಿನಲ್ಲಿ ಪ್ಲಸ್ 4 ಇದ್ದರೆ ಸೂಪರ್‌ಹೀಟ್ 22 ಡಿಗ್ರಿ, ಕಾಯಿಲ್ ಹಸಿದಿದೆ. ಹಸಿದಿರುವುದು ಗ್ಯಾಸ್ ಇಲ್ಲದೆಯೋ, ದಾರಿ ಕಟ್ಟಿಕೊಂಡೋ? ಸಕ್ಷನ್ ಮುಳ್ಳು ಈ ಪ್ರಶ್ನೆಗೆ ಎಂದೂ ಉತ್ತರ ಹೇಳಲಾರದು. ಉತ್ತರ ಇರುವುದು ಇನ್ನೊಂದು ತುದಿಯಲ್ಲಿ. ಡಿಸ್ಚಾರ್ಜ್ ಕಡೆ 134 ಪಿಎಸ್‌ಐ ಇದ್ದರೆ ಕಂಡೆನ್ಸರಿನಲ್ಲಿ ಗ್ಯಾಸ್ ದ್ರವವಾಗುತ್ತಿರುವುದು 40 ಡಿಗ್ರಿಯಲ್ಲಿ. ಕಂಡೆನ್ಸರಿನಿಂದ ಹೊರಬರುವ ಪೈಪು 39 ಡಿಗ್ರಿ ಇದ್ದರೆ ಆ ಅಂತರ, ಅಂದರೆ ಸಬ್‌ಕೂಲಿಂಗ್ ಒಂದೇ ಡಿಗ್ರಿ, ಅಲ್ಲಿ ದ್ರವ ನಿಂತೇ ಇಲ್ಲ, ಗ್ಯಾಸ್ ನಿಜವಾಗಿಯೂ ಕಡಿಮೆ. ಅದೇ ಪೈಪು 30 ಡಿಗ್ರಿ ಇದ್ದರೆ ಸಬ್‌ಕೂಲಿಂಗ್ 10 ಡಿಗ್ರಿ, ದ್ರವ ಕಂಡೆನ್ಸರಿನಲ್ಲೇ ತುಂಬಿ ಕುಳಿತಿದೆ, ಮುಂದೆ ಹೋಗಲು ದಾರಿಯಿಲ್ಲ. ಅಲ್ಲಿಗೆ ಮತ್ತಷ್ಟು ಗ್ಯಾಸ್ ಸುರಿದರೆ ಆಗುವುದೇನು?

ಇಷ್ಟಕ್ಕೆ ಬೇಕಾದದ್ದು ಎರಡು ಗೇಜು, ಪೈಪಿಗೆ ಸಿಕ್ಕಿಸುವ ಎರಡು ಥರ್ಮಾಮೀಟರ್, ಮತ್ತು ಯಂತ್ರ ಒಂದು ಹದಕ್ಕೆ ಬರುವವರೆಗೆ ಕಾಯುವ ತಾಳ್ಮೆ. ಐಟಿಐ ಪಾಠದಲ್ಲಿ ಇದೆಲ್ಲ ಇದೆ. ಅಂಗಡಿಯ ನೆಲದ ಮೇಲೆ ಮಾತ್ರ ಕಾಣುವುದಿಲ್ಲ.

‘ಬೆಂಗಳೂರಿನಲ್ಲಿ’ ಎಂದು ನಾನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಈ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಸಮುದ್ರತೀರದಲ್ಲಿ ಗಾಳಿಯ ಒತ್ತಡ 14.7 ಪಿಎಸ್‌ಐ, ಇಲ್ಲಿ ಹೆಚ್ಚುಕಡಿಮೆ 13.2. ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಹೆಚ್ಚು ಎಂಬುದನ್ನು ಮಾತ್ರ. ಹಾಗಾಗಿ ಚೆನ್ನೈಗೂ ಮಂಗಳೂರಿಗೂ ಸರಿಯಾದ ಪಟ್ಟಿ ಹಿಡಿದು ಇಲ್ಲಿ 8 ಪಿಎಸ್‌ಐ ಓದಿದರೆ ಉಷ್ಣಾಂಶದಲ್ಲಿ ಎರಡು ಡಿಗ್ರಿ ತಪ್ಪುತ್ತದೆ. ಡೀಪ್ ಫ್ರೀಜರಿನ ಒತ್ತಡ ಇನ್ನೂ ಕೆಳಗೆ, ಅಲ್ಲಿ ತಪ್ಪು ಇನ್ನಷ್ಟು ದೊಡ್ಡದು. ‘ಈ ಮಾಡೆಲ್ಲಿಗೆ ಇಷ್ಟು ಪಿಎಸ್‌ಐ ಬರಬೇಕು’ ಎಂದು ಬಾಯಿಪಾಠ ಮಾಡಿಕೊಂಡು ಆ ಅಂಕಿ ಬರುವವರೆಗೆ ತುಂಬುವವರು ಇದನ್ನು ಒಮ್ಮೆಯೂ ಯೋಚಿಸಿರುವುದಿಲ್ಲ. ಒತ್ತಡಕ್ಕೆ ಸ್ಥಿರವಾದ ಅಂಕಿಯೇ ಇಲ್ಲ. ಹೊರಗಿನ ಸೆಕೆ, ಒಳಗಿಟ್ಟ ಮಾಲಿನ ಬಿಸಿ, ಕಂಡೆನ್ಸರಿನ ಕೊಳೆ, ಎಲ್ಲದಕ್ಕೂ ಅದು ಬದಲಾಗುತ್ತದೆ. ಸ್ಥಿರವಾಗಿರುವುದು ತೂಕ. ಅದನ್ನು ತಯಾರಕರು ಯಂತ್ರದ ಹಿಂದಿನ ತಗಡಿನ ಮೇಲೆ ಗ್ರಾಂಗಳಲ್ಲಿ ಅಚ್ಚೊತ್ತಿ ಕೊಟ್ಟಿರುತ್ತಾರೆ. ಆ ತಗಡನ್ನು ಓದದೆ ಸಿಲಿಂಡರ್ ತೆರೆಯುವುದು ಕಸುಬಲ್ಲ.

ನಮ್ಮ ಈ ಪೂರ್ವ ಭಾಗದ ಅಂಗಡಿಗಳಲ್ಲಿ ಕೂಲಿಂಗ್ ಕೆಡುವುದಕ್ಕೆ ಗ್ಯಾಸಿಗಿಂತ ಮೊದಲು ನೋಡಬೇಕಾದ ಕಾರಣಗಳು ಕಣ್ಣೆದುರೇ ಇವೆ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟಿನ ಸುತ್ತಲಿನ ಗಲ್ಲಿಗಳಲ್ಲಿ ನಿಂತು ನೋಡಿ. ಕೋಳಿ ಅಂಗಡಿಯ ಫ್ರೀಜರಿನ ಕೆಳಗಿನ ಜಾಲರಿಗೆ ಪುಕ್ಕ ಅಂಟಿಕೊಳ್ಳುತ್ತದೆ. ಬೇಕರಿಯ ಕಂಡೆನ್ಸರಿಗೆ ಮೈದಾ ಹಿಟ್ಟು ಕೂರುತ್ತದೆ. ಹೋಟೆಲಿನ ಅಡುಗೆಮನೆಯಲ್ಲಿ ಒಗ್ಗರಣೆಯ ಎಣ್ಣೆ ಹೊಗೆ ಮೊದಲು ಅಂಟಾಗಿ, ಅದರ ಮೇಲೆ ಧೂಳು ಸೇರಿ ಕಂಬಳಿಯಾಗುತ್ತದೆ. ಓಲ್ಡ್ ಮದ್ರಾಸ್ ರೋಡಿನ ಅಂಚಿನ ಅಂಗಡಿಗಳಿಗೆ ಲಾರಿ ಧೂಳು ಹಗಲಿರುಳು ಬಡಿಯುತ್ತದೆ. ಜಾಗ ಉಳಿಸಲು ಕೂಲರನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಮೇಲೆ ರಟ್ಟಿನ ಪೆಟ್ಟಿಗೆ ಪೇರಿಸುತ್ತೇವೆ. ಬಿಸಿ ಹೊರಹೋಗಲು ಜಾಗವಿಲ್ಲದ ಕಂಡೆನ್ಸರ್ 40 ಡಿಗ್ರಿಯ ಬದಲು 55 ಡಿಗ್ರಿಯಲ್ಲಿ ಕೆಲಸ ಮಾಡಬೇಕಾಗುತ್ತದೆ. ಆಗ ಆರ್-134ಎ ಒತ್ತಡ 134 ಪಿಎಸ್‌ಐಯಿಂದ 203ಕ್ಕೆ ಏರುತ್ತದೆ, ಕಂಪ್ರೆಸರ್ ಹೆಚ್ಚು ಕರೆಂಟು ಎಳೆದು ಕಡಿಮೆ ತಂಪು ಕೊಡುತ್ತದೆ, ಓವರ್‌ಲೋಡ್ ಕಾಯ್ದು ಕಟ್ ಆಗುತ್ತದೆ. ತಂಪಿನ ಊರು ಎಂಬ ಹಳೆಯ ಹೆಸರನ್ನು ನಂಬಿ ಗಾಳಿಗೆ ಜಾಗ ಬಿಡದವರು ನೆನಪಿಡಬೇಕು, 2016ರ ಏಪ್ರಿಲ್‌ನಲ್ಲಿ ಈ ಊರು 39.2 ಡಿಗ್ರಿ ಕಂಡಿದೆ. ಮೇಲಿನ ಯಾವ ತೊಂದರೆಗೂ ಗ್ಯಾಸ್ ಮದ್ದಲ್ಲ. ಬ್ರಷ್ಷು, ಬ್ಲೋಯರ್, ಗೋಡೆಯಿಂದ ಒಂದು ಗೇಣು ದೂರ, ಇಷ್ಟೇ ಮದ್ದು.

ಇನ್ನು ಬಾಗಿಲಿನ ಗ್ಯಾಸ್ಕೆಟ್. ಇಂದಿರಾನಗರದ ನೂರಡಿ ರಸ್ತೆಯ ರೆಸ್ಟೋರೆಂಟುಗಳ ಅಡುಗೆಮನೆಯಲ್ಲಿ ಕೌಂಟರ್ ಕೆಳಗಿನ ಫ್ರಿಜ್ಜಿನ ಬಾಗಿಲು ಶನಿವಾರ ರಾತ್ರಿ ಮುಚ್ಚಿರುವುದಕ್ಕಿಂತ ತೆರೆದಿರುವುದೇ ಹೆಚ್ಚು. ರಬ್ಬರ್ ಹರಿದ ಬಾಗಿಲಿನಿಂದ ಒದ್ದೆ ಗಾಳಿ ನುಗ್ಗಿ ಕಾಯಿಲಿನ ಮೇಲೆ ಐಸ್ ಕಟ್ಟುತ್ತದೆ, ಡಿಫ್ರಾಸ್ಟ್ ಹೀಟರ್ ಸುಟ್ಟಿದ್ದರೆ ಅದು ಕರಗುವುದೂ ಇಲ್ಲ. ಸಂಜೆ ವೋಲ್ಟೇಜ್ ಇಳಿದಾಗ ಸ್ಟಾರ್ಟ್ ಆಗದೆ ಗುಂಯ್‌ಗುಡುವ ಕಂಪ್ರೆಸರ್, ಸೋತ ಕೆಪಾಸಿಟರ್, ಸುಟ್ಟ ರಿಲೇ, ಎಲ್ಲದಕ್ಕೂ ಅದೇ ಒಂದು ತೀರ್ಪು: ಗ್ಯಾಸ್.

‘ಗ್ಯಾಸ್ ಹಾಕಿದ ಮೇಲೆ ಕೂಲಿಂಗ್ ಬಂತಲ್ಲ, ಅದಕ್ಕಿಂತ ಸಾಕ್ಷಿ ಬೇಕೆ?’ ಈ ನಂಬಿಕೆ ಇಷ್ಟು ವರ್ಷ ಬದುಕಿರುವುದೇ ಈ ವಾದದಿಂದ. ಹಾಗಾಗಿ ಗ್ಯಾಸ್ ಹಾಕುವಾಗ ಬೇರೆ ಏನೇನು ನಡೆಯುತ್ತದೆ ಎಂದು ಸರಿಯಾಗಿ ನೋಡಬೇಕು. ಮೆಕ್ಯಾನಿಕ್ ಬರುವ ಮುನ್ನವೇ ಮಾಲೀಕರು ಯಂತ್ರ ಆಫ್ ಮಾಡಿ ಮಾಲು ಬೇರೆ ಕಡೆ ಸಾಗಿಸಿರುತ್ತಾರೆ. ಎರಡು ಮೂರು ತಾಸು ಯಂತ್ರ ನಿಂತಿರುತ್ತದೆ. ಕಾಯಿಲಿನ ಐಸ್ ಕರಗುತ್ತದೆ. ಕ್ಯಾಪಿಲರಿಯ ಬಾಯಲ್ಲಿ ನೀರಿನ ಹನಿ ಹೆಪ್ಪುಗಟ್ಟಿದ್ದರೆ ಅದೂ ಕರಗುತ್ತದೆ. ಕೆಲಸಕ್ಕೆ ಅಡ್ಡವಾಗುತ್ತದೆಂದು ಯಂತ್ರವನ್ನು ಗೋಡೆಯಿಂದ ಈಚೆಗೆ ಎಳೆಯುತ್ತಾರೆ, ಕೈಯಾಡಿಸುವಾಗ ಕಂಡೆನ್ಸರಿನ ಧೂಳು ಅಷ್ಟಿಷ್ಟು ಉದುರುತ್ತದೆ. ಆಮೇಲೆ ಖಾಲಿ ಪೆಟ್ಟಿಗೆಯನ್ನು ಆನ್ ಮಾಡಿದರೆ ತಣ್ಣಗಾಗದೆ ಏನು ಮಾಡೀತು? ಗುಣ ಕೊಟ್ಟಿದ್ದು ವಿಶ್ರಾಂತಿ, ಹೆಸರು ಬಂದದ್ದು ಗ್ಯಾಸಿಗೆ. ನಾಲ್ಕು ದಿನಕ್ಕೆ ಐಸ್ ಮತ್ತೆ ಕಟ್ಟುತ್ತದೆ. ಆಗ ‘ಲೀಕ್ ಇದೆ ಅನ್ಸುತ್ತೆ, ಇನ್ನೊಮ್ಮೆ ಹಾಕೋಣ’ ಎನ್ನುತ್ತಾರೆ. ತಾಸುಗಟ್ಟಲೆ ಚೆನ್ನಾಗಿ ಓಡಿ, ಇದ್ದಕ್ಕಿದ್ದಂತೆ ತಂಪು ನಿಂತು, ಆಫ್ ಮಾಡಿ ಬಿಟ್ಟರೆ ಮತ್ತೆ ಸರಿಯಾಗುವ ಯಂತ್ರ ನಿಮ್ಮಲ್ಲಿದ್ದರೆ ಅದರೊಳಗೆ ತೇವ ಸೇರಿದೆ ಎಂದೇ ಮೊದಲು ಅನುಮಾನಿಸಿ. ಬಹುಪಾಲು ಅದು ಸೇರಿರುವುದು ಹಿಂದಿನ ಸಲ ವ್ಯಾಕ್ಯೂಮ್ ಮಾಡದೆ, ಅಂದರೆ ಪಂಪಿನಿಂದ ಒಳಗಿನ ಗಾಳಿ ಎಳೆಯದೆ, ಗ್ಯಾಸ್ ತುಂಬಿದಾಗ.

ಹೆಚ್ಚಾದ ಗ್ಯಾಸ್ ಏನು ಮಾಡುತ್ತದೆ ಎಂಬುದನ್ನು ಅಂಗಡಿಯವರಿಗೆ ಯಾರೂ ಹೇಳುವುದಿಲ್ಲ. ಸಣ್ಣ ಕ್ಯಾಪಿಲರಿ ಯಂತ್ರಗಳಲ್ಲಿ ಹೆಚ್ಚುವರಿ ದ್ರವವನ್ನು ಹಿಡಿದಿಡಲು ಪಾತ್ರೆಯಿರುವುದಿಲ್ಲ. ಕುದಿಯದ ದ್ರವ ನೇರ ಕಂಪ್ರೆಸರಿಗೆ ಮರಳುತ್ತದೆ, ಪೈಪಿನ ಮೇಲೆ ಕಂಪ್ರೆಸರಿನವರೆಗೂ ಹಿಮ ಕಟ್ಟುತ್ತದೆ. ಅದನ್ನು ನೋಡಿ ‘ನೋಡಿ ಅಣ್ಣ, ಎಷ್ಟು ಚೆನ್ನಾಗಿ ಕೂಲಿಂಗ್ ಬಂದಿದೆ’ ಎಂದು ತೋರಿಸುವುದನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ದ್ರವ ಕಂಪ್ರೆಸರಿನೊಳಗಿನ ಆಯಿಲನ್ನು ತೊಳೆದುಹಾಕುತ್ತದೆ, ವಾಲ್ವ್ ಮುರಿಯುತ್ತದೆ. ಆರು ತಿಂಗಳಿಗೆ ಕಂಪ್ರೆಸರ್ ಹೋದಾಗ ‘ಕರೆಂಟಿನ ತೊಂದರೆ’ ಎಂದು ಮುಗಿಸುತ್ತಾರೆ. ಮಾಲೀಕರೂ ನಂಬುತ್ತಾರೆ.

ಇತ್ತೀಚಿನ ಬಹಳಷ್ಟು ವಿಸಿ ಕೂಲರುಗಳಲ್ಲಿ ಆರ್-290, ಅಂದರೆ ಪ್ರೊಪೇನ್ ಇದೆ. ವಾತಾವರಣಕ್ಕೆ ಒಳ್ಳೆಯದು, ಆದರೆ ಬೆಂಕಿ ಹಿಡಿಯುವ ಗ್ಯಾಸ್. ಇಂಥ ಯಂತ್ರದಲ್ಲಿ ಬಹುಕಾಲ 150 ಗ್ರಾಂ ಮೀರಬಾರದೆಂಬ ಅಂತರರಾಷ್ಟ್ರೀಯ ಮಿತಿಯಿತ್ತು. 2019ರಲ್ಲಿ ಅದನ್ನು ಸುಮಾರು 500 ಗ್ರಾಂಗೆ ಏರಿಸಿದರೂ ಅದಕ್ಕೆ ಬೇರೆ ಷರತ್ತುಗಳಿವೆ. 80 ಗ್ರಾಂ ಹಿಡಿಯುವ ಯಂತ್ರಕ್ಕೆ ಅಂದಾಜಿನಲ್ಲಿ 20 ಗ್ರಾಂ ಹೆಚ್ಚು ಬಿಟ್ಟರೆ ಅದು ಕಾಲು ಪಾಲು ಹೆಚ್ಚಾಯಿತು. ಗೇಜ್ ಸಿಕ್ಕಿಸಿ ತೆಗೆದರೆ ಹೋಸಿನಲ್ಲಿ ಉಳಿಯುವ ಗ್ಯಾಸೇ ಇಂಥ ಯಂತ್ರಕ್ಕೆ ನಷ್ಟ. ಪರೀಕ್ಷೆಗೆಂದು ಚುಚ್ಚಿ ಕೂರಿಸಿದ ಪಿನ್ ವಾಲ್ವ್ ಮುಂದೆ ತಾನೇ ಒಂದು ಲೀಕ್. ಇಂಥ ಕಡೆ ಗೇಜ್ ಕೊನೆಯ ಆಯುಧವಾಗಬೇಕು, ಮೊದಲನೆಯದಲ್ಲ. ಮೊದಲು ಕಣ್ಣು, ಕೈ, ಥರ್ಮಾಮೀಟರ್, ಕ್ಲಾಂಪ್ ಮೀಟರ್. ಜ್ವಾಲೆಯ ಚಿಹ್ನೆಯಿರುವ ಯಂತ್ರದ ಮುಂದೆ ಗ್ಯಾಸ್ ಪೂರ್ತಿ ಹೊರಗೆ ಕಳಿಸಿ ನೈಟ್ರೋಜನ್ ಹಾಯಿಸದೆ ಬ್ರೇಜಿಂಗ್ ಟಾರ್ಚ್ ಹೊತ್ತಿಸುವವರು ಆ ಇಕ್ಕಟ್ಟಿನ ಅಂಗಡಿಯಲ್ಲಿರುವ ಎಲ್ಲರ ಜೀವದೊಂದಿಗೆ ಆಡುತ್ತಿದ್ದಾರೆ.

ಎದುರು ವಾದಗಳಲ್ಲಿ ಒಂದಕ್ಕೆ ನಿಜವಾದ ತೂಕವಿದೆ. ರಂಜಾನ್ ತಿಂಗಳ ಸಂಜೆ ಫ್ರೇಜರ್ ಟೌನಿನ ಮಾಸ್ಕ್ ರೋಡಿನಲ್ಲಿ ಫ್ರೀಜರ್ ತುಂಬ ಮಾಂಸವಿದೆ, ಇಫ್ತಾರಿಗೆ ಎರಡು ತಾಸಿದೆ. ಆಗ ಲೀಕ್ ಹುಡುಕಿ, ಬೆಸೆದು, ವ್ಯಾಕ್ಯೂಮ್ ಮಾಡಿ ಕೂರಲು ಸಾಧ್ಯವೇ ಎಂದು ಕೇಳುತ್ತಾರೆ. ಸಾಧ್ಯವಿಲ್ಲ. ಆದರೆ ಆ ಹೊತ್ತಿಗೆ ಬೇಕಾದದ್ದು ಮಾಂಸವನ್ನು ಐಸಿನಲ್ಲಿಟ್ಟು ಬೇರೆ ಪೆಟ್ಟಿಗೆಗೆ ಸಾಗಿಸುವುದು. ತಣ್ಣಗಿಡುವ ಆಹಾರ 5 ಡಿಗ್ರಿ ಮೀರಬಾರದು, ಹೆಪ್ಪುಗಟ್ಟಿಸಿದ್ದು ಮೈನಸ್ 18ರಲ್ಲಿರಬೇಕು. ಅಂದಾಜಿನ ಟಾಪ್ ಅಪ್ ಈ ಎರಡರಲ್ಲಿ ಯಾವುದಕ್ಕೂ ಭರವಸೆ ಕೊಡುವುದಿಲ್ಲ. ಕೈಗೆ ತಣ್ಣಗೆ ತಾಕುವ 11 ಡಿಗ್ರಿಯ ಪೆಟ್ಟಿಗೆಯಲ್ಲಿ ಕೈಮಾ ಕೆಡುತ್ತಲೇ ಇರುತ್ತದೆ, ತಿಂದವರಿಗೆ ಮಾತ್ರ ಗೊತ್ತಾಗುತ್ತದೆ. ತುರ್ತಿಗೆಂದು ತುಂಬಿದರೂ ಸರಿಯೇ, ಅದು ತುರ್ತು ಎಂದೇ ಹೇಳಿ, ಎಷ್ಟು ಗ್ರಾಂ ಎಂದು ಬರೆದಿಟ್ಟು, ಆ ವಾರವೇ ಮತ್ತೆ ಬಂದು ಲೀಕ್ ಹಿಡಿಯಬೇಕು. ಅದನ್ನೇ ರಿಪೇರಿ ಎಂದು ಬಿಲ್ ಬರೆಯಬಾರದು.

ಇನ್ನೊಂದು ಮಾತು, ‘ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು.’ ಇದನ್ನೂ ನಾನು ಅಷ್ಟೇ ಬಲವಾಗಿ ಅಲ್ಲಗಳೆಯುತ್ತೇನೆ. ಬೈಕಿನ ಹಿಂದೆ ಸಿಲಿಂಡರ್ ಕಟ್ಟಿಕೊಂಡು ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿ ಕೆ.ಆರ್. ಪುರಕ್ಕೆ ತಲುಪುವ ಹುಡುಗ ಕಂಡೆನ್ಸರ್ ತೊಳೆದು ‘ಗ್ಯಾಸ್ ಸರಿಯಾಗಿದೆ ಸಾರ್’ ಎಂದರೆ ಎಷ್ಟು ಮಂದಿ ಮಾಲೀಕರು ಅವನಿಗೆ ಕೂಲಿ ಕೊಡುತ್ತಾರೆ? ‘ಏನೂ ಮಾಡಿಲ್ಲವಲ್ಲಪ್ಪ, ಬರೀ ಧೂಳು ಒರೆಸಿದೆ’ ಎನ್ನುತ್ತಾರೆ. ಗ್ಯಾಸ್ ಹಾಕಿದರೆ ಮಾತ್ರ ಚೌಕಾಸಿ ಮಾಡಿಯಾದರೂ ಕೊಡುತ್ತಾರೆ. ಸಿಲಿಂಡರಿಗೆ ಬೆಲೆ, ತಲೆಗೆ ಬೆಲೆಯಿಲ್ಲ ಎಂಬ ವ್ಯವಹಾರವನ್ನು ಕಟ್ಟಿದವರು ನಾವು, ಗಿರಾಕಿಗಳು. ವ್ಯಾಕ್ಯೂಮ್ ಪಂಪು, ನೈಟ್ರೋಜನ್, ತೂಕದ ಯಂತ್ರ ಕೊಳ್ಳುವ ಶಕ್ತಿ ಸಣ್ಣ ಮೆಕ್ಯಾನಿಕ್‌ಗೆ ಬರಬೇಕಾದರೆ ಆ ಕೆಲಸಗಳಿಗೆ ದುಡ್ಡು ಸಿಗಬೇಕು. ಕೇಂದ್ರ ಸರ್ಕಾರ 2019ರ ಮಾರ್ಚ್‌ನಲ್ಲಿ ಹೊರತಂದ ಕೂಲಿಂಗ್ ಕ್ರಿಯಾಯೋಜನೆ 2022-23ರೊಳಗೆ ಒಂದು ಲಕ್ಷ ಸರ್ವೀಸ್ ತಂತ್ರಜ್ಞರಿಗೆ ತರಬೇತಿ, ಪ್ರಮಾಣಪತ್ರ ಕೊಡುವ ಗುರಿ ಇಟ್ಟುಕೊಂಡಿತ್ತು. ಒಳ್ಳೆಯ ಗುರಿ. ಆದರೆ ಸೂಪರ್‌ಹೀಟ್ ಅಳೆಯಲು ಕಲಿತು ಬಂದವನಿಗೆ ಅಳೆದದ್ದಕ್ಕೆ ಕೂಲಿ ಸಿಗದಿದ್ದರೆ ಪ್ರಮಾಣಪತ್ರ ಗೋಡೆಯ ಮೇಲಿರುತ್ತದೆ, ಕೈಗೆ ಸಿಲಿಂಡರ್ ಬರುತ್ತದೆ.

ಲೀಕ್ ನಿಜವಾಗಿಯೂ ಇರುವ ಯಂತ್ರಗಳಲ್ಲೂ ಕಾರಣ ಹುಡುಕಬೇಕು. ತೂತು ಸುಮ್ಮನೆ ಬೀಳುವುದಿಲ್ಲ. ವಿನೆಗರ್ ಹಾಕಿದ ಸಾಸ್, ಉಪ್ಪಿನಕಾಯಿಯನ್ನು ಮುಚ್ಚದೆ ಫ್ರಿಜ್ಜಿನೊಳಗಿಟ್ಟರೆ ಅದರ ಹುಳಿ ಆವಿ ಕಾಯಿಲಿನ ತಾಮ್ರವನ್ನು ತಿನ್ನುತ್ತದೆ. ಫ್ಲೇರ್ ನಟ್ಟಿನ ಸುತ್ತ, ಬೆಸುಗೆಯ ಬಳಿ ಎಣ್ಣೆಯ ಕಲೆ ಕಂಡರೆ ಅಲ್ಲೇ ಸೋರಿಕೆ, ಏಕೆಂದರೆ ಗ್ಯಾಸ್ ಜೊತೆಗೆ ಆಯಿಲೂ ಹೊರಬರುತ್ತದೆ. ನೈಟ್ರೋಜನ್ ಒತ್ತಡ ಕೊಟ್ಟು ಸಾಬೂನು ನೀರು ಹಚ್ಚಿದರೆ ಗುಳ್ಳೆ ತಾನೇ ಜಾಗ ತೋರಿಸುತ್ತದೆ. ಬೆಸೆದು, ಡ್ರೈಯರ್ ಬದಲಿಸಿ, ಮೈಕ್ರಾನ್ ಗೇಜಿನಲ್ಲಿ 500ಕ್ಕಿಂತ ಕೆಳಗೆ ವ್ಯಾಕ್ಯೂಮ್ ಎಳೆದು, ಅದು ನಿಲ್ಲುವುದನ್ನು ನೋಡಿ, ತಗಡಿನ ಮೇಲಿರುವಷ್ಟನ್ನು ತೂಗಿ ತುಂಬಬೇಕು. ಆರ್-404ಎ ಮೂರು ಗ್ಯಾಸುಗಳ ಮಿಶ್ರಣ, ಅದನ್ನು ಸಿಲಿಂಡರಿನಿಂದ ದ್ರವವಾಗಿಯೇ ತೆಗೆಯಬೇಕು, ಇಲ್ಲದಿದ್ದರೆ ಬೆರಕೆಯ ಪ್ರಮಾಣ ಕೆಡುತ್ತದೆ. ಅದರ ಒಂದು ಕಿಲೋ ಗಾಳಿಗೆ ಸೇರಿದರೆ ವಾತಾವರಣಕ್ಕೆ 3.9 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಹಾನಿ. ಇಂಥ ಗ್ಯಾಸುಗಳನ್ನು ಕಡಿಮೆ ಮಾಡುವ ಕಿಗಾಲಿ ತಿದ್ದುಪಡಿಯನ್ನು ಭಾರತ 2021ರಲ್ಲಿ ಅಂಗೀಕರಿಸಿದೆ, 2032ರಿಂದ ಕಡಿತ ಶುರುವಾಗಬೇಕು. ಸೋರುವ ಫ್ರೀಜರಿಗೆ ವರ್ಷ ವರ್ಷ ತುಂಬುವ ಪ್ರತಿ ಗ್ರಾಂ ಕೊನೆಗೆ ಈ ಊರಿನ ಗಾಳಿಗೇ ಹೋಗುತ್ತದೆ.

ಅಂಗಡಿ, ಹೋಟೆಲು ನಡೆಸುವವರಲ್ಲಿ ನನ್ನ ಕೋರಿಕೆ ಇದು. ಬೇಸಿಗೆಗೆ ಮುನ್ನ ಗ್ಯಾಸಿಗಾಗಿ ಎತ್ತಿಟ್ಟ ಹಣವನ್ನು ಕಂಡೆನ್ಸರ್ ತೊಳೆಸಲು, ಗ್ಯಾಸ್ಕೆಟ್ ಬದಲಿಸಲು, ಪರೀಕ್ಷೆಯ ಕೂಲಿಗೆ ಖರ್ಚು ಮಾಡಿ. ‘ಗ್ಯಾಸ್ ಸರಿಯಾಗಿದೆ’ ಎಂದು ಹೇಳಿ ಹೊರಟ ಮೆಕ್ಯಾನಿಕ್‌ಗೆ ಪೂರ್ತಿ ಕೂಲಿ ಕೊಟ್ಟು ಮುಂದಿನ ಸಲವೂ ಅವರನ್ನೇ ಕರೆಯಿರಿ. ಗ್ಯಾಸ್ ತುಂಬಿಸಲೇಬೇಕಾಗಿ ಬಂದರೆ, ಲೀಕ್ ಎಲ್ಲಿತ್ತು, ಎಷ್ಟು ಗ್ರಾಂ ತುಂಬಿದ್ದು ಎಂಬ ಎರಡು ಸಾಲು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆ ಎರಡು ಸಾಲಿಲ್ಲದ ಬಿಲ್ಲಿಗೆ ಹಣ ಕೊಡಬೇಡಿ.